ಶಾಖಾಘಾತ: ಆಂಬುಲೆನ್ಸ್ ಬರುವ ಮುನ್ನ ಉದ್ಯೋಗದಾತರ ಕರ್ತವ್ಯ

ನಮ್ಮ ವರ್ತಕ ಬಾಂಧವರು ಗೋದಾಮಿನಲ್ಲಿರುವ ಸರಕಿಗೆ ಅಗ್ನಿ ವಿಮೆ ಮಾಡಿಸುತ್ತಾರೆ. ಬೆಲ್ಲ ಎಷ್ಟು ಸೆಕೆಗೆ ನೀರೊಡೆಯುತ್ತದೆ, ಮೆಣಸಿನಕಾಯಿ ಎಷ್ಟು ತಂಪಿನಲ್ಲಿ ಬಣ್ಣ ಉಳಿಸಿಕೊಳ್ಳುತ್ತದೆ ಎಂಬುದನ್ನೂ ಬಲ್ಲರು. ಆದರೆ ಅದೇ ಗೋದಾಮಿನ ತಗಡಿನ ಛಾವಣಿಯ ಕೆಳಗೆ ಮಧ್ಯಾಹ್ನ ಎರಡು ಗಂಟೆಗೆ ಚೀಲ ಹೊರುವ ಹಮಾಲನ ದೇಹ ಎಷ್ಟು ಶಾಖವನ್ನು ತಡೆದುಕೊಳ್ಳಬಲ್ಲದು ಎಂಬ ಲೆಕ್ಕ ಮಾತ್ರ ಬಹುತೇಕ ಸಂಸ್ಥೆಗಳಲ್ಲಿ ಇರುವುದಿಲ್ಲ. ಲೆಕ್ಕಪತ್ರ ತಪಾಸಣೆಯ ನಿಮಿತ್ತ ಗಿರಣಿ, ಫೌಂಡ್ರಿ, ಗೋದಾಮುಗಳನ್ನು ಸುತ್ತುವ ನನಗೆ ಪ್ರಥಮ ಚಿಕಿತ್ಸಾ ಪೆಟ್ಟಿಗೆ ಗೋಡೆಯ ಮೇಲೆ ಕಾಣುವುದುಂಟು. ಅದರಲ್ಲಿ ಬ್ಯಾಂಡೇಜು, ಹತ್ತಿ, ಟಿಂಚರ್ ಇರುತ್ತವೆ. ಶಾಖಾಘಾತಕ್ಕೆ ಇವುಗಳಲ್ಲಿ ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಅದಕ್ಕೆ ಬೇಕಾದುದು ನೀರು, ಮಂಜುಗಡ್ಡೆ ಮತ್ತು ವಿಷಯ ತಿಳಿದ ಇಬ್ಬರು ಮನುಷ್ಯರು.

ಹವಾಮಾನ ಇಲಾಖೆಯು ಬಯಲು ಪ್ರದೇಶದಲ್ಲಿ ಗರಿಷ್ಠ ಉಷ್ಣತೆ 40 ಡಿಗ್ರಿ, ಕರಾವಳಿಯಲ್ಲಿ 37 ಡಿಗ್ರಿ ಸೆಲ್ಸಿಯಸ್ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿಯಷ್ಟು ಹೆಚ್ಚಾದಾಗ ಬಿಸಿಗಾಳಿಯೆಂದು ಘೋಷಿಸುತ್ತದೆ. ಕರಾವಳಿಗೆ ಮಿತಿ ಕಡಿಮೆ ಇರುವುದಕ್ಕೆ ಕಾರಣವುಂಟು: ಗಾಳಿಯಲ್ಲಿ ತೇವ ಹೆಚ್ಚಾದಷ್ಟೂ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ದೇಹ ತಣಿಯುವುದಿಲ್ಲ. ಆದುದರಿಂದ ಮಂಗಳೂರಿನ 37 ಡಿಗ್ರಿಯನ್ನು ರಾಯಚೂರಿನ 41 ಡಿಗ್ರಿಯೊಡನೆ ಹೋಲಿಸಿ ಹಗುರವಾಗಿ ಕಾಣಲಾಗದು. ಇದಲ್ಲದೆ ಇಲಾಖೆ ಅಳೆಯುವುದು ನೆರಳಿನ ಉಷ್ಣತೆಯನ್ನು. ಕಲಬುರಗಿಯ ಬೇಳೆ ಗಿರಣಿ, ದಾವಣಗೆರೆಯ ಮಂಡಕ್ಕಿ ಭಟ್ಟಿ, ಬೆಳಗಾವಿಯ ಎರಕದ ಕಾರ್ಖಾನೆಗಳ ಒಳಗಿನ ಶಾಖ ಪತ್ರಿಕೆಯಲ್ಲಿ ಅಚ್ಚಾಗುವ ಅಂಕಿಗಿಂತ ಬೇರೆಯೇ ಆಗಿರುತ್ತದೆ. ಕಲಬುರಗಿ ವಿಭಾಗದಲ್ಲಿಯೂ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿಯೂ ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಯಿಸುವ ರೂಢಿಯಿದೆ. ಫ್ಯಾನಿನ ಕೆಳಗೆ ಕುಳಿತು ಕಡತ ನೋಡುವವರಿಗೆ ಈ ರಿಯಾಯಿತಿ ನ್ಯಾಯವಾದರೆ, ಭಟ್ಟಿಯ ಮುಂದೆ ನಿಂತವನಿಗೆ ಇನ್ನೂ ನ್ಯಾಯವಲ್ಲವೆ?

ಅಹಮದಾಬಾದಿನಲ್ಲಿ 2010ರ ಮೇ ತಿಂಗಳಲ್ಲಿ ಉಷ್ಣತೆ 46.8 ಡಿಗ್ರಿಗೆ ಏರಿದಾಗ, ಅದರ ಹಿಂದು ಮುಂದಿನ ವರ್ಷಗಳ ಮೇ ತಿಂಗಳಿಗಿಂತ 1,344 ಸಾವುಗಳು ಹೆಚ್ಚಾಗಿ ಸಂಭವಿಸಿದುವೆಂದು ಬಳಿಕ ನಡೆದ ಅಧ್ಯಯನ ತಿಳಿಸಿತು. 2013ರಲ್ಲಿ ಆ ನಗರವು ಶಾಖ ನಿರ್ವಹಣೆಗೆಂದೇ ಕ್ರಿಯಾ ಯೋಜನೆ ರೂಪಿಸಿತು. ಜವಳಿ ಮತ್ತು ಸಣ್ಣ ಕೈಗಾರಿಕೆಗಳ ಊರಾದ ಅಹಮದಾಬಾದಿನ ಈ ಅನುಭವ ನಮಗೂ ಪಾಠವೇ ಸರಿ.

ಗುರುತಿಸುವ ಬಗೆ

ಶಾಖದಿಂದಾಗುವ ತೊಂದರೆಗಳಲ್ಲಿ ಮುಖ್ಯವಾಗಿ ಎರಡನ್ನು ಬೇರ್ಪಡಿಸಿ ತಿಳಿಯಬೇಕು. ಮೊದಲನೆಯದು ಶಾಖದ ಬಳಲಿಕೆ: ವಿಪರೀತ ಬೆವರು, ತಲೆನೋವು, ವಾಕರಿಕೆ, ತಲೆ ಸುತ್ತು, ಕಾಲಿನ ಮೀನಖಂಡ ಹಿಡಿದುಕೊಳ್ಳುವುದು. ಈ ಹಂತದಲ್ಲಿ ಮನುಷ್ಯ ಸರಿಯಾಗಿ ಮಾತನಾಡುತ್ತಾನೆ. ಅವನನ್ನು ನೆರಳಿಗೆ ಕರೆತಂದು, ಮಲಗಿಸಿ, ಕಾಲನ್ನು ತುಸು ಎತ್ತರಿಸಿ, ಬಟ್ಟೆ ಸಡಿಲಿಸಿ, ಮೈಗೆ ನೀರು ಹಚ್ಚಿ ಗಾಳಿ ಹಾಕಿ, ಓಆರ್‌ಎಸ್ ದ್ರಾವಣವನ್ನೋ ಉಪ್ಪು ಬೆರೆಸಿದ ಮಜ್ಜಿಗೆಯನ್ನೋ ಸ್ವಲ್ಪ ಸ್ವಲ್ಪವಾಗಿ ಕುಡಿಸಿದರೆ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತಾನೆ. ಅರ್ಧ ಗಂಟೆಯಲ್ಲಿ ಚೇತರಿಸಿಕೊಳ್ಳದಿದ್ದರೆ ಆಸ್ಪತ್ರೆಗೆ ಕಳುಹಿಸಬೇಕು. ಚೇತರಿಸಿಕೊಂಡರೂ ಆ ದಿನ ಪುನಃ ಕೆಲಸಕ್ಕೆ ಹಚ್ಚತಕ್ಕದ್ದಲ್ಲ.

ಎರಡನೆಯದೇ ಶಾಖಾಘಾತ, ಅಂದರೆ ವೈದ್ಯರು ಹೀಟ್ ಸ್ಟ್ರೋಕ್ ಎನ್ನುವುದು. ದೇಹದ ಒಳಗಿನ ಉಷ್ಣತೆ 40 ಡಿಗ್ರಿ ದಾಟಿ ಮಿದುಳು ಕಂಗೆಡುವ ಸ್ಥಿತಿ ಇದು. ಇದನ್ನು ಗುರುತಿಸಲು ಥರ್ಮಾಮೀಟರ್ ಬೇಕೆಂದಿಲ್ಲ. ಕಂಕುಳಲ್ಲಿಟ್ಟ ಥರ್ಮಾಮೀಟರ್ ಒಳಗಿನ ಶಾಖವನ್ನು ಕಡಿಮೆಯಾಗಿಯೇ ತೋರಿಸುತ್ತದೆ. ಹೆಸರು ಕೇಳಿರಿ, ಊರು ಕೇಳಿರಿ, ಇಂದು ಯಾವ ವಾರವೆಂದು ಕೇಳಿರಿ. ಬಿಸಿಲಿನಲ್ಲಿ ಅಥವಾ ಭಟ್ಟಿಯ ಬಳಿ ದುಡಿಯುತ್ತಿದ್ದವನು ಅಸಂಬದ್ಧವಾಗಿ ಮಾತನಾಡಿದರೆ, ಕಾರಣವಿಲ್ಲದೆ ಸಿಡುಕಿದರೆ, ತೂರಾಡಿದರೆ, ಮೂರ್ಛೆ ಹೋದರೆ ಅಥವಾ ಫಿಟ್ಸ್ ಬಂದರೆ ಅದನ್ನು ಶಾಖಾಘಾತವೆಂದೇ ಭಾವಿಸಿ ಮುಂದುವರಿಯಬೇಕು. ಮದ್ಯ ಸೇವಿಸಿ ಬಂದಿದ್ದಾನೆಂದು ಮೇಸ್ತ್ರಿಯು ಬೈದು ಮೂಲೆಯಲ್ಲಿ ಮಲಗಿಸಿ ಹೋಗುವುದು ಇಂತಹ ಪ್ರಸಂಗಗಳಲ್ಲಿಯೇ. ಮೈ ಒಣಗಿರುತ್ತದೆ, ಬೆವರು ನಿಂತಿರುತ್ತದೆ ಎಂಬ ನಂಬಿಕೆಯೂ ಪೂರ್ಣ ಸರಿಯಲ್ಲ. ದುಡಿಯುತ್ತಿದ್ದು ಕುಸಿದವನಲ್ಲಿ ಮೈ ಬೆವರಿನಿಂದ ತೊಯ್ದಿರಲೂಬಹುದು.

ಮೊದಲು ತಣಿಸುವುದು, ಆಮೇಲೆ ಸಾಗಿಸುವುದು

ಇಲ್ಲಿ ನಮ್ಮ ಸಹಜ ಪ್ರವೃತ್ತಿಗೆ ವಿರುದ್ಧವಾದ ಮಾತೊಂದನ್ನು ಒತ್ತಿ ಹೇಳಬೇಕಾಗಿದೆ. ಕುಸಿದವನನ್ನು ಕೈಗೆ ಸಿಕ್ಕ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡುವುದು ನಮ್ಮಲ್ಲಿ ರೂಢಿ. ಶಾಖಾಘಾತದಲ್ಲಿ ಅಪಾಯವನ್ನು ನಿರ್ಣಯಿಸುವುದು ದೇಹ ಎಷ್ಟು ಹೊತ್ತು ಕಾದಿತ್ತು ಎಂಬುದು. ಮೊದಲ ಅರ್ಧ ಗಂಟೆಯೊಳಗೆ ಉಷ್ಣತೆ ಇಳಿದರೆ ಬದುಕುವ ಸಾಧ್ಯತೆ ಬಹಳ ಹೆಚ್ಚು. ಆ ಅರ್ಧ ಗಂಟೆಯು ಸಂಚಾರದಲ್ಲಿಯೂ ಹೊರರೋಗಿ ಚೀಟಿಯ ಸಾಲಿನಲ್ಲಿಯೂ ಕಳೆದುಹೋದರೆ ಮೂತ್ರಪಿಂಡ, ಯಕೃತ್ತು, ಮಿದುಳುಗಳಿಗೆ ಆದ ಹಾನಿಯನ್ನು ತಿದ್ದುವುದು ಕಷ್ಟ. ಆದುದರಿಂದ ಒಬ್ಬರು 108ಕ್ಕೆ ಕರೆ ಮಾಡಬೇಕು, ಉಳಿದವರು ಕೂಡಲೇ ತಣಿಸಲು ತೊಡಗಬೇಕು.

ಅತ್ಯುತ್ತಮ ವಿಧಾನವೆಂದರೆ ತಣ್ಣೀರಿನ ತೊಟ್ಟಿ. ಮೈಮೇಲಿನ ದಪ್ಪ ಬಟ್ಟೆ, ಬೂಟು ತೆಗೆದು, ಕುತ್ತಿಗೆಯವರೆಗೆ ನೀರಿನಲ್ಲಿ ಕೂರಿಸಿ, ಸಿಕ್ಕಷ್ಟು ಮಂಜುಗಡ್ಡೆ ಹಾಕಿ ನೀರನ್ನು ಕದಡುತ್ತಿರಬೇಕು. ಒಬ್ಬನು ಹಿಂದಿನಿಂದ ಕಂಕುಳಡಿ ಕೈ ಹಾಕಿ ಹಿಡಿದು, ತಲೆ ನೀರಿಗೆ ಜಾರದಂತೆ ಕೊನೆಯವರೆಗೂ ನೋಡಿಕೊಳ್ಳಬೇಕು. ತೊಟ್ಟಿಯಿಲ್ಲದಿದ್ದರೆ ಲಾರಿಯ ತಾಡಪಾಲು ಸಾಕು: ಅದರ ಮೇಲೆ ಮಲಗಿಸಿ, ನಾಲ್ವರು ಅಂಚುಗಳನ್ನು ಎತ್ತಿ ಹಿಡಿದು, ನಡುವೆ ನೀರು ಮತ್ತು ಮಂಜುಗಡ್ಡೆ ಸುರಿಯಬಹುದು. ಎಪಿಎಂಸಿ ಯಾರ್ಡಿನಲ್ಲಿ ತಾಡಪಾಲಿಗೆ ಬರವಿಲ್ಲ! ಅದೂ ಸಾಧ್ಯವಾಗದಿದ್ದಲ್ಲಿ ಮೈ ತುಂಬ ನೀರು ಸುರಿಯುತ್ತ ಫ್ಯಾನ್ ಹಾಕಬೇಕು. ಕುತ್ತಿಗೆ, ಕಂಕುಳು, ತೊಡೆಸಂದುಗಳಲ್ಲಿ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಬೇಕು. ಹಣೆಗೆ ಒದ್ದೆ ಬಟ್ಟೆ ಇಡುವುದರಿಂದ ಮಾತ್ರ ಏನೂ ಸಾಧ್ಯವಾಗದು. ಪ್ರಜ್ಞೆ ತಿಳಿಯಾಗುವವರೆಗೆ ಅಥವಾ ಆಂಬುಲೆನ್ಸ್ ಬರುವವರೆಗೆ ಇದನ್ನು ನಿಲ್ಲಿಸಬಾರದು.

ಮಂಪರಿನಲ್ಲಿರುವವನ ಬಾಯಿಗೆ ನೀರು ಹಾಕಬಾರದು. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಪ್ಯಾರಾಸಿಟಮಾಲ್ ಮಾತ್ರೆ ಕೊಡಬಾರದು. ಅದು ಸೋಂಕಿನ ಜ್ವರಕ್ಕೆ ಔಷಧ, ಹೊರಗಿನ ಶಾಖದಿಂದ ಏರಿದ ಉಷ್ಣತೆಯನ್ನು ಇಳಿಸಲಾರದು.

ಓಆರ್‌ಎಸ್ ವಿಷಯದಲ್ಲಿ, ಔಷಧ ಮತ್ತು ಕಿರಾಣಿ ವ್ಯಾಪಾರದಲ್ಲಿರುವ ಸದಸ್ಯರಿಗೆ ಒಂದು ಸೂಚನೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರ್ ನೀರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ ಇರಬೇಕು. ಸಕ್ಕರೆ ಹೆಚ್ಚಿರುವ ಹಣ್ಣಿನ ಪಾನೀಯಗಳು ಇದೇ ಹೆಸರಿನಲ್ಲಿ ಮಾರಾಟವಾಗುತ್ತಿದ್ದುದರಿಂದ, 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಎಂಬ ಪದ ಬಳಸುವುದನ್ನು ನಿಷೇಧಿಸಿತು. ಪೊಟ್ಟಣ ಸಿಗದಾಗ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದರಾಯಿತು.

ಕುಸಿಯುವವರಲ್ಲಿ ಹೊಸಬರು ಮತ್ತು ರಜೆ ಮುಗಿಸಿ ಬಂದವರೇ ಹೆಚ್ಚು. ಶಾಖಕ್ಕೆ ದೇಹ ಒಗ್ಗಲು ಒಂದರಿಂದ ಎರಡು ವಾರ ಬೇಕು. ಹೊಸಬನಿಗೆ ಮೊದಲ ದಿನ ಶಾಖದ ಕೆಲಸದ ಐದನೆಯ ಒಂದು ಪಾಲನ್ನು ಮಾತ್ರ ಕೊಟ್ಟು, ದಿನಕ್ಕೆ ಅಷ್ಟಷ್ಟೇ ಹೆಚ್ಚಿಸುತ್ತ ಹೋಗುವುದು ಕ್ಷೇಮ. ಬಾಯಾರಿಕೆಗೆ ಕಾಯದೆ 15-20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯುವ ವ್ಯವಸ್ಥೆ ಇರಬೇಕು. ಚೀಲಕ್ಕಿಷ್ಟೆಂದು ಕೂಲಿ ಪಡೆಯುವವನು ತಾನಾಗಿ ವಿಶ್ರಾಂತಿ ತೆಗೆದುಕೊಳ್ಳುವುದಿಲ್ಲ. ಅದನ್ನು ಮಾಲೀಕರೇ ಕಡ್ಡಾಯ ಮಾಡಬೇಕು.

ಶೀತ, ನೀರು, ಸಿಡಿಲು

ಬ್ಯಾಡಗಿಯ ಶೀತಲಗೃಹಗಳಲ್ಲಿಯೂ ಕರಾವಳಿಯ ಮೀನು ಸಂಸ್ಕರಣಾ ಘಟಕಗಳಲ್ಲಿಯೂ ತೊಂದರೆ ತದ್ವಿರುದ್ಧ. ನಡುಗುತ್ತ ತೊದಲುವವನನ್ನು ಹೊರತಂದು, ಒದ್ದೆ ಬಟ್ಟೆ ತೆಗೆದು, ಕಂಬಳಿ ಹೊದಿಸಿ, ಎಚ್ಚರವಿದ್ದರೆ ಬಿಸಿಯಾದ ಸಿಹಿ ಪಾನೀಯ ಕೊಡಬೇಕು. ಮದ್ಯ ಸಲ್ಲದು, ಬೆಚ್ಚಗಾದಂತೆ ಅನಿಸಿದರೂ ಅದು ದೇಹದ ಶಾಖವನ್ನು ಹೊರಚೆಲ್ಲುತ್ತದೆ. ಮರಗಟ್ಟಿದ ಬೆರಳುಗಳನ್ನು ತಿಕ್ಕಬಾರದು, ಬೆಂಕಿಗೆ ಹಿಡಿಯಬಾರದು. 37ರಿಂದ 39 ಡಿಗ್ರಿಯ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಬೇಕು.

ನೀರಿನ ಟ್ಯಾಂಕು, ಕೃಷಿ ಹೊಂಡಗಳಲ್ಲಿ ಮುಳುಗಿದವನನ್ನು ಎತ್ತಿದ ಮೇಲೆ ತಲೆಕೆಳಗಾಗಿ ತಿರುಗಿಸುವುದು, ಹೊಟ್ಟೆ ಅದುಮುವುದು ಇವೆಲ್ಲ ಹಾನಿಕರ. ಅವನಿಗೆ ಬೇಕಾದುದು ಉಸಿರು. ಉಸಿರಾಟ ನಿಂತಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು, ಬಳಿಕ ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಬಾರಿ ಒತ್ತುವುದು, 2 ಬಾರಿ ಉಸಿರು ಕೊಡುವುದು, ಹೀಗೆ ಮುಂದುವರಿಸಬೇಕು. ಕೊಳಚೆ ಅಥವಾ ರಾಸಾಯನಿಕದ ಗುಂಡಿಯಾದರೆ ರಕ್ಷಿಸಲೆಂದು ಯಾರೂ ಇಳಿಯಲೇಕೂಡದು. ಒಬ್ಬನ ಹಿಂದೆ ಮೂವರು ವಿಷಾನಿಲಕ್ಕೆ ಬಲಿಯಾಗುವುದು ಹೀಗೆಯೇ. ಸಿಡಿಲು ಬಡಿದವನ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ, ಮುಟ್ಟಲು ಅಂಜಬೇಕಿಲ್ಲ; ಉಸಿರಾಟ ನಿಂತಿದ್ದರೆ ಕೂಡಲೇ ಎದೆ ಒತ್ತಲು ತೊಡಗಬೇಕು.

ಕಾನೂನು ಮತ್ತು ಲೆಕ್ಕ

1948ರ ಕಾರ್ಖಾನೆಗಳ ಕಾಯಿದೆಯು ಪ್ರತಿ 150 ಕಾರ್ಮಿಕರಿಗೆ ಕನಿಷ್ಠ ಒಂದು ಪ್ರಥಮ ಚಿಕಿತ್ಸಾ ಪೆಟ್ಟಿಗೆಯನ್ನು ಕಡ್ಡಾಯ ಮಾಡಿತ್ತು. ಅದರ ಸ್ಥಾನದಲ್ಲಿ 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ, 2020 ಸಹ ಕುಡಿಯುವ ನೀರು, ಗಾಳಿ ಬೆಳಕು, ಪ್ರಥಮ ಚಿಕಿತ್ಸೆಗಳ ಹೊಣೆಯನ್ನು ಉದ್ಯೋಗದಾತನ ಮೇಲೆಯೇ ಇರಿಸಿದೆ.

ಇಎಸ್‌ಐ ವ್ಯಾಪ್ತಿಗೆ ಬಾರದ ಕಾರ್ಮಿಕನ ಸಾವಿಗೆ ಕೆಲಸದ ಸ್ಥಿತಿಯೇ ಕಾರಣವೆಂದು ಸಿದ್ಧವಾದಲ್ಲಿ ಪರಿಹಾರದ ಹೊಣೆ ಮಾಲೀಕನದು. 1923ರ ಪರಿಹಾರ ಕಾಯಿದೆಯಡಿ 2020ರ ಜನವರಿಯಿಂದ ಲೆಕ್ಕಕ್ಕೆ ಹಿಡಿಯುತ್ತಿದ್ದ ಗರಿಷ್ಠ ಮಾಸಿಕ ವೇತನ 15,000 ರೂಪಾಯಿ. ಮೃತನ ವಯಸ್ಸು 30 ಆಗಿದ್ದರೆ ಅದರ ಅರ್ಧವನ್ನು 207.98ರಿಂದ ಗುಣಿಸಬೇಕು: 15,59,850 ರೂಪಾಯಿ. ಆ ಕಾಯಿದೆ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ವಿಲೀನಗೊಂಡಿದ್ದರೂ ಗುಣಿಸುವ ಪದ್ಧತಿ ಅದೇ. ಈ ಮೊತ್ತದ ಎದುರಿಗೆ ಒಂದು ದೊಡ್ಡ ಪ್ಲಾಸ್ಟಿಕ್ ಟಬ್ಬು, ನೀರಿನ ಕೊಳವೆ, ನೂರು ಓಆರ್‌ಎಸ್ ಪೊಟ್ಟಣ, ಹತ್ತಿರದ ಐಸ್ ಅಂಗಡಿಯವನೊಡನೆ ಬೇಸಿಗೆಯ ಖಾತೆ, ಇಬ್ಬರು ಕಾರ್ಮಿಕರಿಗೆ ಒಂದು ದಿನದ ತರಬೇತಿ, ಇವುಗಳ ವೆಚ್ಚವನ್ನು ಸದಸ್ಯರೇ ಅಂದಾಜು ಮಾಡಿಕೊಳ್ಳಬಹುದು. ವ್ಯವಹಾರದ ನಿಮಿತ್ತ ಮಾಡಿದ ವೆಚ್ಚವಾದ್ದರಿಂದ ಆದಾಯ ತೆರಿಗೆಯ ಲೆಕ್ಕದಲ್ಲಿಯೂ ಇದನ್ನು ಕಳೆಯಬಹುದು. ಬಿಲ್ಲುಗಳನ್ನು ಮಾತ್ರ ಸಂಸ್ಥೆಯ ಹೆಸರಿನಲ್ಲಿಯೇ ಪಡೆದಿರಬೇಕು.

ಅಪಘಾತವಾದ ದಿನವೇ ಕುಸಿದ ಸಮಯ, ತಣಿಸಲು ತೊಡಗಿದ ಸಮಯ, 108ಕ್ಕೆ ಕರೆ ಮಾಡಿದ ಸಮಯ, ಜೊತೆಗಿದ್ದವರ ಹೆಸರು ಇವನ್ನು ಪುಸ್ತಕದಲ್ಲಿ ಬರೆದಿಡಬೇಕು. ಚಿಕಿತ್ಸೆ ನೀಡುವ ವೈದ್ಯರು ಮೊದಲು ಕೇಳುವುದೂ ಇದನ್ನೇ, ಆಮೇಲೆ ತನಿಖೆಗೆ ಬರುವ ಅಧಿಕಾರಿ ಕೇಳುವುದೂ ಇದನ್ನೇ. ಕೈಗಾರಿಕಾ ವಸಾಹತುಗಳಲ್ಲಿರುವವರು ತಮ್ಮ ಷೆಡ್ಡಿನ ಸಂಖ್ಯೆ ಮತ್ತು ಹತ್ತಿರದ ಗುರುತನ್ನು ದೂರವಾಣಿಯ ಪಕ್ಕದಲ್ಲಿ ದೊಡ್ಡಕ್ಷರದಲ್ಲಿ ಅಂಟಿಸಿಡುವುದೂ ಅಗತ್ಯ; ಹೊರ ರಾಜ್ಯದಿಂದ ಬಂದ ಕಾರ್ಮಿಕರಿರುವಲ್ಲಿ ಅದನ್ನು ಹಿಂದಿಯಲ್ಲಿಯೂ ಬರೆಸಬೇಕು.