ಯಾರು ಬೇಕಾದರೂ ಬರೆಯಬಹುದು, ಸಾಕ್ಷಿ ಯಾರದು?

ನಾನು ಪಾಠ ಹೇಳುವ ಕಾಲೇಜಿನಲ್ಲಿ ಹಾಸ್ಟೆಲಿನ ಹುಡುಗನೊಬ್ಬ ಬೂಸಾ ಚಳವಳಿಯ ಬಗ್ಗೆ ಪ್ರಬಂಧ ಬರೆದ. 1973ರಲ್ಲಿ ಬಿ. ಬಸವಲಿಂಗಪ್ಪನವರು ಆಡಿದ ಒಂದು ಮಾತಿಗೆ ನಾಡು ಹೊತ್ತಿಕೊಂಡ ಕತೆ ಅದು. ಪ್ರಬಂಧದ ಕೊನೆಗೆ 'ಆಧಾರ: ವಿಕಿಪೀಡಿಯ' ಅಂತ ಬರೆದಿದ್ದ. ತಿದ್ದಿದ ಮೇಷ್ಟ್ರು ಆ ಸಾಲಿಗೆ ಕೆಂಪು ಗೀಟು ಹಾಕಿ, 'ಇದೆಲ್ಲ ಯಾರ್ಯಾರೋ ಬರೆಯೋದು, ನಂಬಬೇಡ' ಎಂದು ಕಳಿಸಿದ್ದರು. ಹುಡುಗ ನನ್ನ ಹತ್ತಿರ ಬಂದು, 'ಸಾರ್, ನಂಬಬಹುದಾ ಬೇಡವಾ ಒಂದೇ ಮಾತಲ್ಲಿ ಹೇಳಿ' ಅಂದ. ಒಂದೇ ಮಾತಲ್ಲಿ ಹೇಳಲು ನನ್ನಿಂದ ಆಗಲಿಲ್ಲ. ಆಗ ಹೇಳಬೇಕಿದ್ದದ್ದನ್ನು ಈಗ ಇಲ್ಲಿ ಹೇಳುತ್ತಿದ್ದೇನೆ.

ಮೊದಲು, ಇದು ಎಲ್ಲಿಂದ ಬಂತು ಎಂಬುದು. ವಿಕಿಪೀಡಿಯ ಹುಟ್ಟಿದ್ದು 2001ರ ಜನವರಿ 15ರಂದು. ಅದಕ್ಕೆ ಮುಂಚೆ ಅದೇ ಜನ ನ್ಯೂಪೀಡಿಯ ಎಂಬ ಇನ್ನೊಂದು ವಿಶ್ವಕೋಶ ಶುರು ಮಾಡಿದ್ದರು. ಅಲ್ಲಿ ಪಂಡಿತರೇ ಬರೆಯಬೇಕು, ಪಂಡಿತರೇ ಹಲವು ಹಂತಗಳಲ್ಲಿ ಒಪ್ಪಬೇಕು. ಮೊದಲ ವರ್ಷ ಮುಗಿದಾಗ ಒಪ್ಪಿಗೆಯಾದ ಲೇಖನಗಳು ಹೆಚ್ಚುಕಡಿಮೆ ಇಪ್ಪತ್ತು. ಆಮೇಲೆ ಬಾಗಿಲು ತೆಗೆದು, ಯಾರು ಬೇಕಾದರೂ ಬರೆಯಿರಿ, ಯಾರು ಬೇಕಾದರೂ ತಿದ್ದಿರಿ ಅಂದರು. ಜನ ನುಗ್ಗಿದರು. ಕನ್ನಡದ ವಿಕಿಪೀಡಿಯ 2003ರಲ್ಲಿ ಶುರುವಾಯಿತು. ವೇದ ಕೇಳಿದ ಶೂದ್ರನ ಕಿವಿಗೆ ಕಾದ ತವರ, ಅರಗು ಹೊಯ್ಯಬೇಕೆಂದು ಗೌತಮ ಧರ್ಮಸೂತ್ರ ಬರೆದಿಟ್ಟ ನಾಡಿನಲ್ಲಿ 'ಯಾರು ಬೇಕಾದರೂ' ಎಂಬುದು ಸಣ್ಣ ಮಾತಲ್ಲ. ನಾವು ಅದನ್ನು ಹಗುರವಾಗಿ ಬೈಯಬಾರದು.

ಇದು ನಡೆಯುವ ರೀತಿ ಹೀಗೆ. ಪ್ರತಿ ಲೇಖನದ ಹಿಂದೆ 'ಇತಿಹಾಸ' ಎಂಬ ಪುಟವಿದೆ. ಯಾವ ದಿನ, ಯಾವ ಹೆಸರಿನವರು, ಯಾವ ಪದ ಸೇರಿಸಿದರು, ಯಾವುದನ್ನು ಕಿತ್ತರು ಎಲ್ಲ ಅಲ್ಲಿ ಸಿಗುತ್ತದೆ. ಇನ್ನೊಂದು 'ಚರ್ಚೆ' ಪುಟ, ಜಗಳವೆಲ್ಲ ಅಲ್ಲಿ. ಮುಖ್ಯವಾದ ನಿಯಮ ಮೂರು. ಪಕ್ಷ ವಹಿಸಬೇಡ. ಬರೆದದ್ದಕ್ಕೆ ಅಚ್ಚಾದ, ನಂಬಲರ್ಹವಾದ ಆಧಾರ ಕೊಡು. ನೀನೇ ಕಂಡುಹಿಡಿದ ಸಂಗತಿಯನ್ನು ಇಲ್ಲಿ ಮೊದಲಸಲ ಹೇಳಬೇಡ. ಅಂದರೆ ವಿಕಿಪೀಡಿಯ 'ಇದು ನಿಜವೇ?' ಎಂದು ನೇರವಾಗಿ ಕೇಳುವುದಿಲ್ಲ. 'ಇದು ಎಲ್ಲಿ ಅಚ್ಚಾಗಿದೆ?' ಎಂದು ಕೇಳುತ್ತದೆ. ನನ್ನ ಇಡೀ ತಕರಾರು ಇರುವುದು ಈ ಎರಡು ಪ್ರಶ್ನೆಗಳ ನಡುವಿನ ಜಾಗದಲ್ಲಿ.

ಮಾಮೂಲಿ ಲೆಕ್ಕದಲ್ಲಿ ನೋಡಿದರೆ ಅದು ಅಂಥ ಕೆಟ್ಟದ್ದೇನಲ್ಲ. 2005ರಲ್ಲಿ 'ನೇಚರ್' ಪತ್ರಿಕೆ ವಿಜ್ಞಾನದ 42 ವಿಷಯಗಳನ್ನು ತೆಗೆದುಕೊಂಡು ವಿಕಿಪೀಡಿಯ, ಬ್ರಿಟಾನಿಕ ಎರಡನ್ನೂ ತಜ್ಞರಿಗೆ ತೋರಿಸಿತು. ಲೇಖನಕ್ಕೆ ಸರಾಸರಿ ವಿಕಿಪೀಡಿಯದಲ್ಲಿ ನಾಲ್ಕು, ಬ್ರಿಟಾನಿಕದಲ್ಲಿ ಮೂರು ತಪ್ಪು ಸಿಕ್ಕವು. ಬ್ರಿಟಾನಿಕದವರು ಈ ಲೆಕ್ಕವನ್ನು ಒಪ್ಪಲಿಲ್ಲ. ಅದೇನೇ ಇರಲಿ, ದೊಡ್ಡ ಹೆಸರಿನ ವಿಶ್ವಕೋಶದಲ್ಲೂ ತಪ್ಪಿರುತ್ತದೆ ಎಂದಾದರೂ ಗೊತ್ತಾಯಿತು.

ಆದರೆ ತಪ್ಪುಗಳಲ್ಲಿ ಜಾತಿಗಳಿವೆ. ಮೊದಲನೆಯದು ಶುದ್ಧ ಸುಳ್ಳು. ಅಮೆರಿಕದ ಹಿರಿಯ ಪತ್ರಕರ್ತ ಜಾನ್ ಸೀಗೆಂತಾಲರ್ ಅವರಿಗೆ ಕೆನಡಿ ಸೋದರರ ಕೊಲೆಯಲ್ಲಿ ಕೈವಾಡವಿತ್ತೆಂಬ ಅನುಮಾನವಿತ್ತು ಎಂದು 2005ರ ಮೇ ತಿಂಗಳಲ್ಲಿ ಒಬ್ಬ ತಮಾಷೆಗೆ ಬರೆದ. ಅದು ನಾಲ್ಕು ತಿಂಗಳು ಹಾಗೇ ಇತ್ತು. ಎರಡನೆಯದು ಇನ್ನೂ ಕೆಟ್ಟದ್ದು: ಸುಳ್ಳೇ ಆಧಾರವಾಗಿಬಿಡುವುದು. 2008ರಲ್ಲಿ ಅಮೆರಿಕದ ವಿದ್ಯಾರ್ಥಿಯೊಬ್ಬ ಕೋಟಿ ಎಂಬ ಪ್ರಾಣಿಗೆ 'ಬ್ರೆಜಿಲಿನ ಆರ್ಡ್‌ವಾರ್ಕ್' ಎಂಬ ಹೆಸರೂ ಉಂಟೆಂದು ಹುಡುಗಾಟಕ್ಕೆ ಸೇರಿಸಿದ. ಅದನ್ನು ನೋಡಿಕೊಂಡು ಬ್ರಿಟನ್ನಿನ ದೊಡ್ಡ ಪತ್ರಿಕೆಗಳು ಹಾಗೇ ಬರೆದವು. ಪತ್ರಿಕೆಯಲ್ಲಿ ಬಂದದ್ದೇ ಮತ್ತೆ ವಿಕಿಪೀಡಿಯದ ಸಾಲಿಗೆ ಆಧಾರವಾಯಿತು. ಆರು ವರ್ಷದ ಮೇಲೆ, 2014ರಲ್ಲಿ, 'ನ್ಯೂಯಾರ್ಕರ್' ಈ ಕತೆ ಬಿಚ್ಚಿಟ್ಟಿತು.

ಮೂರನೆಯದು ತಪ್ಪಿನಂತೆ ಕಾಣುವುದೇ ಇಲ್ಲ. ಅದು ಇಲ್ಲದಿರುವುದು. ಭೌತವಿಜ್ಞಾನಿ ಡೊನಾ ಸ್ಟ್ರಿಕ್ಲೆಂಡ್ ಅವರಿಗೆ 2018ರಲ್ಲಿ ನೊಬೆಲ್ ಬಂದ ದಿನದವರೆಗೆ ವಿಕಿಪೀಡಿಯದಲ್ಲಿ ಅವರ ಹೆಸರಿಗೊಂದು ಲೇಖನವಿರಲಿಲ್ಲ. ಅದೇ ವರ್ಷ ಯಾರೋ ಬರೆದು ಕೊಟ್ಟ ಕರಡನ್ನು, ಬೇರೆಯವರು ಅವರ ಬಗ್ಗೆ ಬರೆದ ಆಧಾರ ಸಾಲದೆಂದು ವಾಪಸು ಮಾಡಲಾಗಿತ್ತು. ಕೆನಡಾದ ವಿಶ್ವವಿದ್ಯಾಲಯದ ವಿಜ್ಞಾನಿಯ ಗತಿಯೇ ಹೀಗಾದರೆ ನಮ್ಮ ಕೇರಿಯ ಜನರ ಗತಿ ಏನು?

ನಮ್ಮೂರಿನದೇ ಹೇಳುತ್ತೇನೆ. 1978ರ ಬೇಸಿಗೆಯಲ್ಲಿ ಕೇರಿಯ ಬಾವಿ ಬತ್ತಿತು. ನಮ್ಮ ಹೆಂಗಸರು ಊರ ಕೆರೆಯ ಮೆಟ್ಟಿಲಿಳಿದು ಕೊಡ ತುಂಬಿದರು. ಸಂಜೆಗೆ ಕೇರಿಗೆ ನುಗ್ಗಿ ಹೊಡೆದರು. ನಮ್ಮ ದೊಡ್ಡಪ್ಪನ ಮೊಣಕಾಲು ಮುರಿಯಿತು. ಆಮೇಲೆ ಮೂರು ತಿಂಗಳು ಯಾರೂ ಕೂಲಿಗೆ ಕರೆಯಲಿಲ್ಲ, ಅಂಗಡಿಯಲ್ಲಿ ಉಪ್ಪು ಕೊಡಲಿಲ್ಲ. ಅಂತೂ ಮಳೆಗಾಲದ ಹೊತ್ತಿಗೆ ನಮ್ಮವರು ಕೆರೆ ನೀರು ತಂದರು, ಇವತ್ತಿಗೂ ತರುತ್ತಿದ್ದಾರೆ. ಇದರ ಬಗ್ಗೆ ಅಚ್ಚಾದದ್ದು ಏನಾದರೂ ಇದೆಯೇ ಎಂದು ನಾನು ಹುಡುಕಿದೆ. ಜಿಲ್ಲೆಯ ಹಳೇ ಪತ್ರಿಕೆಯೊಂದರಲ್ಲಿ ನಾಲ್ಕು ಸಾಲು ಸಿಕ್ಕಿತು. ನೀರಿನ ವಿಚಾರದಲ್ಲಿ ಎರಡು ಗುಂಪುಗಳ ನಡುವೆ ಗಲಭೆ, ಪೊಲೀಸರಿಂದ ಶಾಂತಿ. ಅಷ್ಟೇ. ಗುಂಪು ಯಾವುದು, ಕೊಡ ಯಾರದು, ಕಾಲು ಯಾರದು, ಒಂದೂ ಇಲ್ಲ.

ಈ ನಾಲ್ಕು ಸಾಲನ್ನು ದೊಡ್ಡಪ್ಪನಿಗೆ ಓದಿ ಹೇಳಿದೆ. 'ಯಾವ ಪೇಪರ್ನಲ್ಲಿ ಬರ್ದವ್ರೆ ಅಂತ ನೋಡ್ಕಂಡು ಬಂದ್ಯಾ ಮಗ? ಇಲ್ಲಿ ನನ್ ಕಾಲ್ ನೋಡು' ಅಂದರು.

ಈಗ ವಿಶ್ವಕೋಶದ ನಿಯಮಕ್ಕೆ ಬನ್ನಿ. ಆ ಪತ್ರಿಕೆ ಆಧಾರ. ಆ ಕಾಲು ಆಧಾರವಲ್ಲ. ಯಾವ ದುರುದ್ದೇಶವೂ ಇಲ್ಲದೆ, ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ ಸಜ್ಜನನೊಬ್ಬ ನಮ್ಮೂರಿನ ಬಗ್ಗೆ ಬರೆದರೂ 'ಎರಡು ಗುಂಪುಗಳ ಗಲಭೆ' ಎಂದೇ ಬರೆಯಬೇಕಾಗುತ್ತದೆ. ತಪ್ಪು ವಿಕಿಪೀಡಿಯದಲ್ಲಿ ಹುಟ್ಟಿದ್ದಲ್ಲ. ನಲವತ್ತು ವರ್ಷ ಹಿಂದೆ, ವರದಿಗಾರ ಯಾರ ಮನೆ ಜಗಲಿಯ ಮೇಲೆ ಕೂತು ಕಾಫಿ ಕುಡಿದ ಎಂಬಲ್ಲಿ ಹುಟ್ಟಿದ್ದು. ಕಂಬಾಲಪಲ್ಲಿಯನ್ನು ನೆನೆಯಿರಿ. 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳ ಖುಲಾಸೆಯಾಯಿತು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಬಲವಾದ ಆಧಾರವೆಂದರೆ ಕೋರ್ಟಿನ ತೀರ್ಪು. ಅದನ್ನು ಮಾತ್ರ ಓದಿದವನಿಗೆ ಏಳು ಹೆಣಗಳು ಸಿಗುತ್ತವೆ, ಕೊಂದವರು ಸಿಗುವುದಿಲ್ಲ.

ಹಾಗಾದರೆ ಆಧಾರ ಕೇಳುವ ನಿಯಮವನ್ನೇ ಕಿತ್ತುಹಾಕೋಣವೇ? ಬೇಡ. ಇಲ್ಲಿ ನನ್ನ ಕೆಲವು ಗೆಳೆಯರ ಜೊತೆ ನನಗೆ ಭಿನ್ನಾಭಿಪ್ರಾಯವಿದೆ. 1901ರ ಜನಗಣತಿಯಲ್ಲಿ ರಿಸ್ಲೆ ಸಾಹೇಬರು ಜಾತಿಗಳನ್ನು ಮೇಲು ಕೀಳೆಂದು ಸಾಲಾಗಿ ನಿಲ್ಲಿಸಲು ಹೊರಟಾಗ, ನಾವು ಕ್ಷತ್ರಿಯರು, ನಾವು ವೈಶ್ಯರು ಎಂದು ಜಾತಿ ಸಭೆಗಳ ಅರ್ಜಿಗಳು ರಾಶಿ ಬಿದ್ದವು. ಆ ಅರ್ಜಿಗಳು ಈಗ ವಿಕಿಪೀಡಿಯಕ್ಕೆ ಬರುತ್ತಿವೆ. ಇಂಗ್ಲಿಷ್ ವಿಕಿಪೀಡಿಯದ ಜಾತಿ ಲೇಖನಗಳ ಚರ್ಚೆ ಪುಟ ತೆಗೆದು ನೋಡಿ, 'ನಮ್ಮನ್ನು ಶೂದ್ರರೆಂದು ಬರೆದಿದ್ದೀರಿ, ತೆಗೆಯಿರಿ' ಎಂಬ ಕೂಗು ಮುಗಿಯುವುದೇ ಇಲ್ಲ. ಅದನ್ನು ತಡೆಯಲು ಅಂಥ ಅನೇಕ ಲೇಖನಗಳಿಗೆ ಬೀಗ ಹಾಕಿದ್ದಾರೆ. ಖಾತೆಗೆ 30 ದಿನ, 500 ತಿದ್ದುಪಡಿ ಆಗಿರದವರು ಮುಟ್ಟುವಂತಿಲ್ಲ. ಬ್ರಿಟಿಷ್ ಕಾಲದ ಅಧಿಕಾರಿಗಳು ಜಾತಿಗಳ ಬಗ್ಗೆ ಬರೆದ ಪುಸ್ತಕಗಳನ್ನು ಆಧಾರವಾಗಿ ಒಪ್ಪಬಾರದೆಂಬ ಅಭಿಪ್ರಾಯವೂ ಅಲ್ಲಿ ಗಟ್ಟಿಯಾಗಿದೆ. ಆಧಾರ ಕೇಳುವ ನಿಯಮ ಇಲ್ಲದಿದ್ದರೆ, ಹೊತ್ತು ಇರುವವನು, ಕಂಪ್ಯೂಟರ್ ಇರುವವನು, ಹಿಂದೆ ಜನ ಇರುವವನು ಬರೆದದ್ದೇ ಉಳಿಯುತ್ತದೆ. ಈ ಮೂರೂ ನಮ್ಮ ಹತ್ತಿರ ಕಡಿಮೆ.

ಬದಲಾಗಬೇಕಾದ್ದು ಆಧಾರ ಎಂದರೆ ಏನು ಎಂಬುದು. 2011ರಲ್ಲಿ ಅಚಲ್ ಪ್ರಭಾಲ ಮತ್ತು ಜೊತೆಗಾರರು ಭಾರತದಲ್ಲೂ ದಕ್ಷಿಣ ಆಫ್ರಿಕದಲ್ಲೂ ಹಳ್ಳಿ ಜನರ ಮಾತನ್ನು ಧ್ವನಿಮುದ್ರಿಸಿ, ಅದನ್ನೇ ಆಧಾರವಾಗಿ ಕೊಟ್ಟು ಲೇಖನ ಬರೆಯುವ ಪ್ರಯೋಗ ಮಾಡಿದರು. ಪ್ರಯೋಗ ನಿಯಮವಾಗಲಿಲ್ಲ. ಆದರೆ ಪ್ರಶ್ನೆ ಎದ್ದಿದೆ. 2015ರಿಂದ ದಲಿತ ಹೆಣ್ಣುಮಕ್ಕಳು ಮುಂದೆ ನಿಂತು ನಡೆಸುತ್ತಿರುವ ದಲಿತ ಇತಿಹಾಸ ಮಾಸದಲ್ಲಿ ವಿಕಿಪೀಡಿಯಕ್ಕೆ ಬರೆಯುವ ಕೂಟಗಳೂ ನಡೆದಿವೆ.

ಇನ್ನೊಂದು ದಾರಿ ಹಳೆಯದು, ಬಾಬಾಸಾಹೇಬರು ತೋರಿಸಿದ್ದು. ಮಹಾಡ್‌ನ ಕೆರೆಯ ನೀರು ಮುಟ್ಟಿದ್ದು 1927ರ ಮಾರ್ಚ್ 20. ಎರಡೇ ವಾರದಲ್ಲಿ, ಏಪ್ರಿಲ್ 3ಕ್ಕೆ, 'ಬಹಿಷ್ಕೃತ ಭಾರತ' ಪತ್ರಿಕೆ ಹೊರಟಿತು. ಮಹಾಡ್‌ಗೆ ಇವತ್ತು ಆಧಾರ ಕೊಡಿ ಎಂದು ಯಾರೂ ನಮ್ಮನ್ನು ಸತಾಯಿಸುವುದಿಲ್ಲ. ನಮ್ಮೂರಿನ ಕೆರೆಗೂ ಮಹಾಡ್‌ನ ಕೆರೆಗೂ ಇರುವ ಅಂತರದಲ್ಲಿ ಒಂದು ಪತ್ರಿಕೆಯೂ ಸೇರಿದೆ. ದಲಿತ ಸಂಘರ್ಷ ಸಮಿತಿಯ 'ಪಂಚಮ'ದ ಸಂಚಿಕೆಗಳು, ಕರಪತ್ರಗಳು, ಸತ್ಯಶೋಧನಾ ವರದಿಗಳು ಯಾರ್ಯಾರದೋ ಅಟ್ಟದ ಮೇಲೆ ಗೆದ್ದಲು ಹಿಡಿಯುತ್ತಿವೆ. ಅವನ್ನು ಇಳಿಸಿ, ದಿನಾಂಕ ಹಾಕಿ, ಗ್ರಂಥಾಲಯ ಸೇರಿಸುವುದು ಕೂಡ ದಲಿತ ವಿಮರ್ಶೆಯ ಕೆಲಸವೇ. ಕಾವ್ಯ, ಕಾದಂಬರಿಯನ್ನು ಮಾತ್ರ ವಿಮರ್ಶೆ ಮಾಡುತ್ತಾ ಕೂತರೆ ಸಾಲದು.

ಹುಡುಗನಿಗೆ ಕೊನೆಗೆ ಇಷ್ಟು ಹೇಳಿದೆ: ವಿಕಿಪೀಡಿಯ ಓದು, ಅಲ್ಲೇ ನಿಲ್ಲಬೇಡ. ಅಡಿಟಿಪ್ಪಣಿಯಿಂದ ಶುರು ಮಾಡಿ ಮೇಲಕ್ಕೆ ಓದು. ಇತಿಹಾಸ ನೋಡು, ಚರ್ಚೆ ನೋಡು, ಯಾವ ಸಾಲನ್ನು ಕಿತ್ತಿದ್ದಾರೆ ನೋಡು. ಆಮೇಲೆ, ಅಲ್ಲಿ ಯಾರಿಲ್ಲ ಅಂತ ಕೇಳು.

ಹೋದ ರಜೆಯಲ್ಲಿ ಅವನು ನಮ್ಮೂರಿಗೆ ಬಂದಿದ್ದ. ಕೆರೆ ನೀರಿನ ಬಗ್ಗೆ ಐದು ಜನರನ್ನು ಬೇರೆಬೇರೆ ಕೂರಿಸಿ ಕೇಳಿದ. ಹೊಡೆದದ್ದು ಯುಗಾದಿಗೆ ಮುಂಚೆ ಎಂದು ಇಬ್ಬರು, ಆಮೇಲೆ ಎಂದು ಮೂವರು ಹೇಳಿದರು. 'ಯಾವುದು ಬರೀಲಿ ಸಾರ್?' ಅಂದ. ಎರಡನ್ನೂ ಬರಿ, ಯಾರು ಯಾವುದು ಹೇಳಿದರು ಅಂತಲೂ ಬರಿ ಅಂದೆ. ಹೆಸರು, ವಯಸ್ಸು, ತಾರೀಖು ಸಮೇತ ಅವನ ನೋಟ್‌ಬುಕ್ಕಿನಲ್ಲಿ ಹದಿನಾಲ್ಕು ಪುಟ ಆಗಿದೆ. ಈಗ ಅದು ಅಚ್ಚಾಗಬೇಕು.