ಕೆರೆಯಂಚಿನ ಮನೆ ಎಲ್ಲಿದೆ?

ಶಾಲೆಯ ಗೋಡೆಯಿಂದ ಕ್ಯಾಲೆಂಡರಿನವರೆಗೆ ಎಲ್ಲೆಲ್ಲೂ ಅದೇ ಚಿತ್ರ: ನೀರಿನ ಅಂಚಿಗೇ ಕೂತ ಪುಟ್ಟ ಮನೆ, ಹಿಂದೆ ಬೆಟ್ಟ, ಮುಂದೆ ನೀಲಿ ನೀರು. ಜಲವರ್ಣದ ಪೆಟ್ಟಿಗೆ ಹಿಡಿದು ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಕಡೆ ಹೋದರೆ ಆ ಮನೆ ಸಿಗುವುದು ಕಷ್ಟ. ವರ್ಷಪೂರ್ತಿ ಹರಿಯುವ ಹೊಳೆ ಈ ಸೀಮೆಯಲ್ಲಿಲ್ಲ. ನೀರೆಂದರೆ ಮಳೆ ನಂಬಿದ ಕೆರೆ. ಒಂದು ವರ್ಷ ಕೋಡಿ ಬೀಳುತ್ತದೆ, ಇನ್ನೊಂದು ವರ್ಷ ತಳ ಬಿರಿಯುತ್ತದೆ. ಹೀಗೆ ಹಿಗ್ಗಿ ಕುಗ್ಗುವ ನೀರಿನ ಪಕ್ಕ ಯಾರು ತಾನೆ ಪಾಯ ತೆಗೆದಾರು? ಊರು ಅತ್ತ, ಕೆರೆ ಇತ್ತ, ನಡುವೆ ಹೊಲಗದ್ದೆ.

ಹಾಗಾಗಿ ಇಲ್ಲಿನ ನಿಜವಾದ ಚಿತ್ರದ ಜೋಡಣೆಯೇ ಬೇರೆ. ಹತ್ತಿರದಲ್ಲಿ ನಾಡಹೆಂಚಿನ ಮಣ್ಣಿನ ಮನೆ, ಜಗಲಿ, ರಾಗಿ ಹುಲ್ಲಿನ ಬಣವೆ. ದೂರದಲ್ಲಿ ಏರಿಯ ಉದ್ದನೆಯ ಗೆರೆ, ಅದರಾಚೆ ಬೆಳಕಿನ ಒಂದು ಪಟ್ಟಿಯಷ್ಟು ನೀರು.

ಆ ಪಟ್ಟಿಯನ್ನು ಬಿಡಿಸುವುದೇ ಜಲವರ್ಣದ ಪರೀಕ್ಷೆ. ಇದರಲ್ಲಿ ತಿಳಿಯಿಂದ ಗಾಢಕ್ಕೆ ಹೋಗಬೇಕು, ಹಿಂದಿರುಗುವ ದಾರಿ ಕಡಿಮೆ. ಬಿಳಿ ಬಣ್ಣ ಹಚ್ಚುವುದಕ್ಕಿಂತ ಕಾಗದದ ಬಿಳುಪನ್ನು ಉಳಿಸಿಕೊಳ್ಳುವುದೇ ಜಾಣತನ. ನೀರಿನ ಹೊಳಪು ಕುಂಚ ಮುಟ್ಟದ ಜಾಗದಲ್ಲಿರುತ್ತದೆ. ಮರದ ನೆರಳು ಬೇಕಿದ್ದರೆ ಕಾಗದ ಒದ್ದೆಯಿರುವಾಗಲೇ ಬಣ್ಣ ಇಳಿಸಬೇಕು. ಚೈತ್ರದ ಬಿಸಿಲಿನಲ್ಲಿ ಅದು ಕಣ್ಣೆದುರೇ ಒಣಗುತ್ತದೆ, ಮಳೆಗಾಲದಲ್ಲಿ ಆರುವುದೇ ಇಲ್ಲ. ಇನ್ನು ನೀಲಿಯ ಮಾತು: ಕೆಮ್ಮಣ್ಣಿನ ನೆಲದಲ್ಲಿ ಹೊಸ ಮಳೆಯ ಕೆರೆ ಹಾಲು ಹಾಕಿದ ಚಹಾದ ಬಣ್ಣದ್ದು. ಮಣ್ಣು ತಳಕ್ಕಿಳಿದು ನೀರು ತಿಳಿಯಾದ ಮೇಲಷ್ಟೇ ಆಕಾಶ ಅದರಲ್ಲಿ ಕಾಣುವುದು.

ಕಣ್ಣಾರೆ ಕಂಡದ್ದನ್ನು ಬರೆಯುವ ಈ ಹಟಕ್ಕೆ ತಾಲ್ಲೂಕಿನಲ್ಲೇ ಹಿರಿಯರೊಬ್ಬರಿದ್ದಾರೆ. 1910ರಲ್ಲಿ ದೊಡ್ಡಬಳ್ಳಾಪುರದಲ್ಲಿ ಹುಟ್ಟಿದ ರುಮಾಲೆ ಚನ್ನಬಸವಯ್ಯನವರು ಸ್ವಾತಂತ್ರ್ಯ ಹೋರಾಟಕ್ಕಾಗಿ ಕುಂಚ ಕೆಳಗಿಟ್ಟವರು. ‘ತಾಯಿನಾಡು’ ಪತ್ರಿಕೆ, ವಿಧಾನ ಪರಿಷತ್ತು ಎಲ್ಲ ಕಂಡು ಮತ್ತೆ ಚಿತ್ರಕಲೆಗೆ ಮರಳಿದರು. ಜಲವರ್ಣ, ತೈಲವರ್ಣ ಎರಡರಲ್ಲೂ ಬೆಂಗಳೂರಿನ ಹೂಬಿಟ್ಟ ಮರಗಳನ್ನು, ಬೀದಿಗಳನ್ನು ಚಿತ್ರಿಸಿದರು. 1988ರಲ್ಲಿ ಅವರು ತೀರಿಕೊಂಡರು. ಅವರು ಬರೆದ ಎಷ್ಟೋ ನೋಟಗಳು ಇಂದು ನಗರದಲ್ಲಿ ಉಳಿದಿಲ್ಲ.

ಸಾಸಲು ಸೀಮೆಗೂ ಅಂಥ ದಾಖಲೆ ಬೇಕು. ಹೆಂಚಿನ ಮನೆಗಳು ಆರ್‌ಸಿಸಿ ಆಗುತ್ತಿವೆ. ಕೆರೆ ತುಂಬಿದ ವರ್ಷ ಒಂದು ಚಿತ್ರ, ಬತ್ತಿದ ವರ್ಷ ಅದೇ ಜಾಗದಿಂದ ಇನ್ನೊಂದು ಬರೆಯುವವರು ಬೇಕು. ಎರಡನ್ನೂ ಗ್ರಾಮ ಪಂಚಾಯಿತಿಯ ಗೋಡೆಗೆ ಹಾಕಿದರೆ, ಕೆರೆ ಹೂಳಿನ ಚರ್ಚೆ ಅಲ್ಲಿಂದಲೇ ಶುರುವಾಗಬಹುದು.