ಮನೆ ಮಂಜೂರಾತಿಗೂ ಹಂಗಾಮಿದೆ: ಸರ್ಕಾರಿ ಸಹಾಯಧನದ ಗಡುವಿನೊಳಗೆ ಮೊದಲ ಮನೆ ಮುಗಿಸೋದು ಹೇಗೆ?

ಈ ವಾರ ಬೆಳೆ ವಿಷಯ ಸ್ವಲ್ಪ ಪಕ್ಕಕ್ಕಿಟ್ಟು ಮನೆ ವಿಷಯ ಬರೀತಿದ್ದೀನಿ. ಕಾರಣ ಇದೆ. ಹೊಸದಾಗಿ ಮದುವೆಯಾಗಿ, ಅಪ್ಪನ ಮನೆಯಿಂದ ಬೇರೆಯಾಗಿ, ಪಂಚಾಯಿತಿಯಿಂದ ಮನೆ ಮಂಜೂರಾದ ಹುಡುಗರು ಮೆಸೇಜ್ ಮಾಡ್ತಾ ಇರ್ತಾರೆ: "ಅಣ್ಣಾ, ಪಾಯ ಹಾಕೋಕೆ ಇನ್ನೂ ಎಷ್ಟು ದಿನ ಟೈಮ್ ಇರುತ್ತೆ? ರಾಗಿ ಕುಯ್ಲು ಮುಗಿದ ಮೇಲೆ ಶುರು ಮಾಡಿದ್ರೆ ಆಗುತ್ತಾ?" ಪ್ರಶ್ನೆ ಚಿಕ್ಕದು. ಆದರೆ ಉತ್ತರ ತಪ್ಪಿದರೆ ಆನ್‌ಲೈನ್‌ನಲ್ಲಿ ಮನೆ ಬ್ಲಾಕ್ ಆಗುತ್ತೆ, ಕಂತು ನಿಲ್ಲುತ್ತೆ, ಗೋಡೆ ಮಳೆಯಲ್ಲಿ ನೆನೆಯುತ್ತೆ. ಒಮ್ಮೆ ಬ್ಲಾಕ್ ಆದರೆ ಪಿಡಿಒ ಕೈಯಲ್ಲಿ ಅದನ್ನು ತೆಗೆಯೋಕೆ ಆಗಲ್ಲ, ಕಡತ ಮೇಲಿನ ಕಚೇರಿಗಳವರೆಗೆ ಹೋಗಬೇಕು.

ಮೊದಲು ನಿಮ್ಮದು ಯಾವ ಯೋಜನೆ ಅಂತ ತಿಳ್ಕೊಳ್ಳಿ. "ಪಂಚಾಯ್ತಿ ಮನೆ" ಅಂತ ಎಲ್ಲರೂ ಒಂದೇ ಹೆಸರಲ್ಲಿ ಕರೀತೀವಿ, ಆದರೆ ಒಳಗೆ ಬೇರೆ ಬೇರೆ. ಕೇಂದ್ರದ ಪ್ರಧಾನಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಒಂದು. ರಾಜ್ಯದ ಬಸವ ವಸತಿ ಇನ್ನೊಂದು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್ ಮತ್ತೊಂದು. ನಮ್ಮ ರಾಜ್ಯದಲ್ಲಿ ಇವೆಲ್ಲ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮೂಲಕ ನಡೆಯೋದು. ಕೇಂದ್ರದ ಯೋಜನೆಯಲ್ಲಿ ಬಯಲು ಪ್ರದೇಶಕ್ಕೆ 1.20 ಲಕ್ಷ, ಗುಡ್ಡಗಾಡಿಗೆ 1.30 ಲಕ್ಷ ರೂಪಾಯಿ. ಮಂಜೂರಾತಿ ದಿನದಿಂದ 12 ತಿಂಗಳಲ್ಲಿ ಮನೆ ಮುಗಿಯಬೇಕು ಅನ್ನೋದು ಅದರ ನಿಯಮ. ರಾಜ್ಯದ ಯೋಜನೆಯಾದರೆ ಕಾಮಗಾರಿ ಆದೇಶದಲ್ಲಿ ಶುರು ಮಾಡೋಕೆ, ಮುಗಿಸೋಕೆ ಎಷ್ಟು ದಿನ ಅಂತ ಇರುತ್ತೋ ಅದೇ ಲೆಕ್ಕ. ಆ ಆದೇಶದ ಫೋಟೋ ಫೋನಲ್ಲಿ ಇಟ್ಕೊಳ್ಳಿ. ಬಾಯಿಮಾತಿನ "ಏನೂ ಆಗಲ್ಲ ಬಿಡಿ" ನಂಬಬೇಡಿ.

ಇನ್ನೂ ಅರ್ಜಿ ಹಂತದಲ್ಲಿರೋರಿಗೆ ಒಂದು ಮಾತು. ಕೇಂದ್ರದ ಯೋಜನೆಯಲ್ಲಿ 2.5 ಎಕರೆ ಅಥವಾ ಅದಕ್ಕಿಂತ ಹೆಚ್ಚು ನೀರಾವರಿ ಜಮೀನು, 5 ಎಕರೆ ಅಥವಾ ಹೆಚ್ಚು ಖುಷ್ಕಿ, ಟ್ರ್ಯಾಕ್ಟರ್‌ನಂಥ ಯಂತ್ರ, 50 ಸಾವಿರ ಅಥವಾ ಅದಕ್ಕಿಂತ ಹೆಚ್ಚಿನ ಮಿತಿಯ ಕಿಸಾನ್ ಕ್ರೆಡಿಟ್ ಕಾರ್ಡ್ ಇವುಗಳಲ್ಲಿ ಒಂದಿದ್ದರೂ ಅರ್ಹತೆ ಹೋಗುತ್ತೆ. ಇದನ್ನು ಮುಚ್ಚಿಟ್ಟು ಪಾಯ ಹಾಕಿ ಆಮೇಲೆ ಸಿಕ್ಕಿಬೀಳೋದಕ್ಕಿಂತ ಮೊದಲೇ ನೋಡ್ಕೊಳ್ಳೋದು ವಾಸಿ.

ಹಣ ಹಿಂದೆ, ಕೆಲಸ ಮುಂದೆ

ಗಡುವು ತಪ್ಪೋದು ಸೋಮಾರಿತನದಿಂದ ಅಂತ ಕಚೇರಿಯಲ್ಲಿ ಕೂತವರು ಹೇಳ್ತಾರೆ. ನಾನು ನೋಡಿದ ಮಟ್ಟಿಗೆ ಮುಕ್ಕಾಲು ಪಾಲು ತಪ್ಪೋದು ಕೈಯಲ್ಲಿ ಕಾಸಿಲ್ಲದೆ. ಕೇಂದ್ರದ ಮಾರ್ಗಸೂಚಿಯಲ್ಲಿ ಮಂಜೂರಾತಿಯ ಬೆನ್ನಿಗೇ ಮೊದಲ ಕಂತು ಅಂತ ಇದೆ. ಆದರೆ ಆಮೇಲಿನದ್ದೆಲ್ಲ ಹಂತದ ಮೇಲೆ. ಪಾಯ, ಲಿಂಟಲ್, ಛಾವಣಿ, ಪೂರ್ಣ, ಹೀಗೆ ಒಂದೊಂದು ಹಂತ ಮುಗಿಸಬೇಕು, ಪಂಚಾಯಿತಿಯವರು ಬಂದು ಜಿಪಿಎಸ್ ಫೋಟೋ ತೆಗೀಬೇಕು, ಅದು ಮೇಲೆ ಒಪ್ಪಿಗೆಯಾಗಬೇಕು, ಆಮೇಲೆ ದುಡ್ಡು. ಅಂದರೆ ಪ್ರತಿ ಹಂತದಲ್ಲೂ ನೀವು ಮೊದಲು ಹಾಕಿ ಆಮೇಲೆ ಪಡೆಯೋರು. ಪಾಯದ ಖರ್ಚು ನಿಮ್ಮ ಜೇಬಿಂದಲೇ ಹೋಗುತ್ತೆ ಅಂತ ಲೆಕ್ಕ ಹಾಕ್ಕೊಂಡೇ ಗುದ್ದಲಿ ಪೂಜೆ ಮಾಡಿ.

ಇದಕ್ಕೆ ಕೈಸಾಲಕ್ಕೆ ಹೋಗೋರು ಜಾಸ್ತಿ. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಯಲ್ಲಿ 1 ಲಕ್ಷ ತಂದು ಕಂತು ಬರೋವರೆಗೆ 4 ತಿಂಗಳು ಕಾದರೆ ಬಡ್ಡಿಯೇ 12,000. ಶೌಚಾಲಯಕ್ಕೆ ಸರ್ಕಾರ ಕೊಡೋ ಮೊತ್ತವೂ ಅಷ್ಟೇ, ಅದು ಬಡ್ಡಿಗೇ ಸರಿಹೋಯ್ತು. ಅದರ ಬದಲು ಮನೆಯಾಕೆಯ ಸ್ವಸಹಾಯ ಸಂಘದ ಸಾಲ ಕೇಳಿ. ಪಿಎಂ ಆವಾಸ್ ಫಲಾನುಭವಿ ಬಯಸಿದರೆ ಬ್ಯಾಂಕಿನಿಂದ 70,000 ರೂಪಾಯಿವರೆಗೆ ಸಾಲ ಕೊಡಿಸಲು ನೆರವಾಗೋ ಅವಕಾಶವೂ ಮಾರ್ಗಸೂಚಿಯಲ್ಲಿದೆ. ಬೆಳೆ ಸಾಲದ ದುಡ್ಡನ್ನು ಮಾತ್ರ ಗೋಡೆಗೆ ಹಾಕಬೇಡಿ. ಅದನ್ನು ಸಕಾಲಕ್ಕೆ ಕಟ್ಟಿದರೆ ಮಾತ್ರ ಬಡ್ಡಿ ರಿಯಾಯಿತಿ. ಮನೆ ತಡವಾದರೆ ಎರಡೂ ಕಡೆ ಸಿಕ್ಕಿಹಾಕ್ಕೋತೀರಿ.

12 ತಿಂಗಳನ್ನು ಬೆಳೆ ಕ್ಯಾಲೆಂಡರ್ ಮೇಲೆ ಇಟ್ಟು ನೋಡಿ

ನಮ್ಮದು ತಿಪಟೂರು ಕಡೆಯ ತೆಂಗು, ರಾಗಿ ಸೀಮೆ. ಇಲ್ಲಿಯ ಲೆಕ್ಕವನ್ನೇ ಹೇಳ್ತೀನಿ, ನಿಮ್ಮ ಕಡೆ ಮಳೆ, ಬೆಳೆ ನೋಡಿ ಹಿಂದೆ ಮುಂದೆ ಮಾಡ್ಕೊಳ್ಳಿ.

ಉದಾಹರಣೆಗೆ ಜೂನ್ 10ಕ್ಕೆ ಮಂಜೂರಾತಿ ಆಯ್ತು ಅನ್ನಿ. ಮುಂದಿನ ಜೂನ್ 9 ಕೊನೆ. ಹೇಳೋಕೆ 12 ತಿಂಗಳು. ಆದರೆ ಆಷಾಢದಲ್ಲಿ ಯಾರೂ ಗುದ್ದಲಿ ಹಾಕಲ್ಲ. ಆಮೇಲೆ ರಾಗಿ ಬಿತ್ತನೆ, ಕುಂಟೆ, ಕಳೆ. ಸೆಪ್ಟೆಂಬರ್, ಅಕ್ಟೋಬರ್ ನಮ್ಮಲ್ಲಿ ಜೋರು ಮಳೆ. ನವೆಂಬರ್, ಡಿಸೆಂಬರ್‌ನಲ್ಲಿ ಗಾರೆ ಕೆಲಸದವರೂ ಕುಯ್ಲಿಗೇ ಹೋಗ್ತಾರೆ. ಡಿಸೆಂಬರ್ ನಡುವಿಂದ ಸಂಕ್ರಾಂತಿವರೆಗೆ ಧನುರ್ಮಾಸ. "ಸಂಕ್ರಾಂತಿ ಕಳೀಲಿ" ಅಂತ ಕೂತವನಿಗೆ ಪೂರ್ತಿ 5 ತಿಂಗಳೂ ಉಳಿಯಲ್ಲ. ಅದೇ ಹೊತ್ತಿಗೆ ಊರಲ್ಲಿ ಎಲ್ಲರಿಗೂ ಮೇಸ್ತ್ರಿ ಬೇಕು.

ಹಾಗಾಗಿ ನಾನು ಕೊಡೋ ಸಲಹೆ ಇದು. ಆಷಾಢದ ತಿಂಗಳನ್ನು ಕಾಗದಪತ್ರಕ್ಕೆ ಬಳಸಿ. ಶ್ರಾವಣ ಬಂದ ತಕ್ಷಣ, ಮಳೆ ಜೋರಾಗೋ ಮೊದಲು, ಪಾಯ ಮುಗಿಸಿ ಒಳಗೆ ಮಣ್ಣು ತುಂಬಿ ಬಿಡಿ. ಇದರಲ್ಲಿ ಎರಡು ಲಾಭ. ಮೊದಲ ಹಂತದ ಫೋಟೋ ಆಗಿ ಕಡತ ಜೀವಂತ ಇರುತ್ತೆ, ಮತ್ತು ತುಂಬಿದ ಮಣ್ಣು ಆ ಎರಡು ತಿಂಗಳ ಮಳೆಗೆ ಚೆನ್ನಾಗಿ ಕೂರುತ್ತೆ. ಬೇಸಿಗೆಯಲ್ಲಿ ಮಣ್ಣು ತುಂಬಿ ಮರುವಾರವೇ ಮೇಲೆ ನೆಲ ಹಾಸಿದ ಮನೆಗಳಲ್ಲಿ ಬಿರುಕು ಬರೋದು ನೋಡಿರ್ತೀರಿ. ಕುಯ್ಲು ಮುಗೀತಿದ್ದ ಹಾಗೆ ಗೋಡೆ, ಲಿಂಟಲ್. ಆಗಲೇ ನಡೀತಿರೋ ಕೆಲಸಕ್ಕೆ ಧನುರ್ಮಾಸ ಅಡ್ಡಿಯಿಲ್ಲ ಅಂತ ನಮ್ಮ ಕಡೆ ಹಿರಿಯರೇ ಒಪ್ತಾರೆ, ಕೇಳಿ ನೋಡಿ. ಜನವರಿ, ಫೆಬ್ರವರಿಯಲ್ಲಿ ಛಾವಣಿ.

ಛಾವಣಿಯನ್ನು ಏಪ್ರಿಲ್‌ಗೆ ತಳ್ಳಬೇಡಿ ಅನ್ನೋದಕ್ಕೆ ಕಾರಣ ನೀರು. ಆರ್‌ಸಿಸಿ ಹಾಕಿದ ಮೇಲೆ ಕನಿಷ್ಠ 7 ದಿನ, ಪಿಪಿಸಿ ಸಿಮೆಂಟ್ ಆದರೆ ಅಥವಾ ಬಿಸಿಲು ಜೋರಿದ್ದರೆ 10 ದಿನ ನೀರು ನಿಲ್ಲಿಸಲೇಬೇಕು. ನಾನಂತೂ 14 ದಿನ ಅನ್ನೋನು. ಏಪ್ರಿಲ್‌ನಲ್ಲಿ ಬೋರ್‌ವೆಲ್ ಒಂದೇ ಇದ್ದು, ತೋಟವೂ ಒಣಗ್ತಿದ್ರೆ ನೀರು ಎಲ್ಲಿಗೆ ಬಿಡ್ತೀರಿ? ಗಿಡಕ್ಕೋ, ಛಾವಣಿಗೋ? ಫೆಬ್ರವರಿಯಲ್ಲಿ ಆ ಜಗಳ ಇರಲ್ಲ. ಇದೇ ಲೆಕ್ಕದಲ್ಲಿ ಸಿಮೆಂಟನ್ನು "ರೇಟು ಏರುತ್ತೆ" ಅಂತ ಮೊದಲೇ ತಂದು ಪೇರಿಸಬೇಡಿ, ಮೂರು ತಿಂಗಳಾದರೆ ಅದರ ಬಲ ಕುಗ್ಗುತ್ತೆ. ಮುಂಚೆ ತರೋದಾದರೆ ಸೈಜುಗಲ್ಲು, ಎಂ-ಸ್ಯಾಂಡ್, ಜಲ್ಲಿ ತನ್ನಿ.

ದುಡ್ಡನ್ನೂ ಹೀಗೇ ಜೋಡಿಸಿ. ಪಾಯಕ್ಕೆ ಕೊಬ್ಬರಿ ದುಡ್ಡು ಅಥವಾ ಸಂಘದ ಸಾಲ, ಗೋಡೆಗೆ ಬಂದ ಕಂತಿನ ಜತೆಗೆ ರಾಗಿ ಮಾರಿದ್ದು, ಕೂಲಿಗೆ ಡೇರಿ ಬಟವಾಡೆ. ಮಾರ್ಚ್ ಕೊನೆಯಲ್ಲಿ ಕಂತು ಬಂದೇ ಬರುತ್ತೆ ಅಂತ ನೆಚ್ಚಿಕೊಂಡು ಯಾರಿಗೂ ಮಾತು ಕೊಡಬೇಡಿ. ಆರ್ಥಿಕ ವರ್ಷ ಮುಗಿಯೋ ಹೊತ್ತಲ್ಲಿ ಎಲ್ಲ ಕಚೇರಿಯಲ್ಲೂ ಬಿಲ್ಲುಗಳ ರಾಶಿ.

ಆಷಾಢದಲ್ಲಿ ಮುಗಿಸಬೇಕಾದ ಕಾಗದ

ನಿವೇಶನ ಇನ್ನೂ ತಾತನ ಹೆಸರಲ್ಲೇ ಇದ್ದರೆ ಪೌತಿ ಖಾತೆ, ವಿಭಾಗ, ಆಮೇಲೆ ಇ-ಸ್ವತ್ತು. ಇದಕ್ಕೆ ತಿಂಗಳುಗಟ್ಟಲೆ ಬೇಕು. ಚಿಕ್ಕಪ್ಪ, ದೊಡ್ಡಪ್ಪಂದಿರ ಸಹಿ ಬೇರೆ. ನಿಜ ಹೇಳಬೇಕಂದ್ರೆ ಇದು ಮಂಜೂರಾತಿಗೂ ಮೊದಲೇ, ಅರ್ಜಿ ಹಾಕೋವಾಗಲೇ ಆಗಬೇಕಾದ ಕೆಲಸ.

ಆಮೇಲೆ ಬ್ಯಾಂಕ್. ಆಧಾರ್ ಮೂಲಕ ಬರೋ ದುಡ್ಡು ನೀವು ಪಾಸ್‌ಬುಕ್ ಕೊಟ್ಟ ಖಾತೆಗೇ ಬರುತ್ತೆ ಅಂತಿಲ್ಲ. ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆ ಆಗಿದೆಯೋ ಅಲ್ಲಿಗೆ ಹೋಗುತ್ತೆ. ನಮ್ಮ ಚಿಕ್ಕಪ್ಪನ ಮಗನ ಮನೆ ಅವನ ಹೆಂಡತಿ ಹೆಸರಿಗೆ ಮಂಜೂರಾಗಿತ್ತು. ಕಂತು ಬಿಡುಗಡೆ ಅಂತ ಆನ್‌ಲೈನ್‌ನಲ್ಲಿ ತೋರಿಸ್ತಿದೆ, ಪಾಸ್‌ಬುಕ್‌ನಲ್ಲಿ ಒಂದು ರೂಪಾಯಿ ಇಲ್ಲ. ಹುಡುಕಿದರೆ ಅವರು ತವರಲ್ಲಿ ಓದುವಾಗ ಸ್ಕಾಲರ್‌ಶಿಪ್‌ಗೆ ಅಂತ ತೆರೆದಿದ್ದ ಹಳೇ ಖಾತೆಯಲ್ಲಿ ಕೂತಿತ್ತು. ಆ ಖಾತೆ ಬಳಕೆಯಿಲ್ಲದೆ ನಿಂತಿದ್ದರಿಂದ ಅದನ್ನು ಚಾಲೂ ಮಾಡಿಸೋಕೆ ಅವರು ಮೂರು ಸಲ ಓಡಾಡಿದರು. ಅಷ್ಟೂ ದಿನ ಮೇಸ್ತ್ರಿ ಬೇರೆ ಕಡೆ ಕೆಲಸ ಹಿಡಿದಿದ್ದ. ಆಧಾರ್ ವೆಬ್‌ಸೈಟ್‌ನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡೋಕೆ ಫೋನಲ್ಲಿ ಎರಡು ನಿಮಿಷ ಸಾಕು, ಇವತ್ತೇ ನೋಡಿ.

ಉದ್ಯೋಗ ಖಾತರಿ ಕೂಲಿಯದ್ದು ಇನ್ನೊಂದು ಗಡುವು, ಇದನ್ನು ಬಹಳ ಜನ ಕಳ್ಕೋತಾರೆ. ಪಿಎಂ ಆವಾಸ್ ಮನೆಗೆ ಬಯಲು ಪ್ರದೇಶದಲ್ಲಿ 90 ದಿನದ ಕೂಲಿಗೆ ಅವಕಾಶ ಇದೆ. ಆದರೆ ಜಾಬ್ ಕಾರ್ಡ್ ಇದ್ದು, ಕೆಲಸಕ್ಕೆ ಅರ್ಜಿ ಹಾಕಿ, ಎನ್‌ಎಂಆರ್ ತೆಗೆಸಿದ ಮೇಲೆ ಮಾಡಿದ ದಿನಗಳಷ್ಟೇ ಲೆಕ್ಕಕ್ಕೆ ಬರೋದು. ಗೋಡೆ ಎಬ್ಬಿಸಿ ಆಮೇಲೆ ಹೋಗಿ ಕೇಳಿದರೆ ಹಳೇ ದಿನಕ್ಕೆ ಯಾರೂ ಹಾಜರಿ ಹಾಕಲ್ಲ.

ಫೋಟೋ ಮತ್ತು ಅಳತೆ

ಮೊದಲ ಜಿಪಿಎಸ್ ಫೋಟೋ ಆಗೋವರೆಗೆ ಹಳೇ ಮನೆ ಕೆಡವಬೇಡಿ, ಜಾಗವನ್ನೂ ಅಗೀಬೇಡಿ. ಫೋಟೋ ತೆಗೆದ ಜಾಗದಲ್ಲೇ ಕಟ್ಟಿ. ವಾಸ್ತು ಅಂತ ಆಮೇಲೆ ರಸ್ತೆಯಾಚೆ ಹೋದರೆ ಮುಂದಿನ ಫೋಟೋ ಹೊಂದಲ್ಲ. ಪ್ರತಿ ಹಂತ ಮುಗಿಯೋಕೆ ಎರಡು ದಿನ ಇರೋವಾಗಲೇ ಪಂಚಾಯಿತಿಗೆ ತಿಳಿಸಿ. ನೀವೂ ದಿನಾಂಕ ಕಾಣೋ ಹಾಗೆ ಒಂದು ಫೋಟೋ ತೆಗೆದಿಟ್ಕೊಳ್ಳಿ. ವಾರಕ್ಕೊಮ್ಮೆ ವಸತಿ ನಿಗಮದ ವೆಬ್‌ಸೈಟ್‌ನಲ್ಲಿ ಫಲಾನುಭವಿ ಸಂಖ್ಯೆ ಹಾಕಿ ಯಾವ ಹಂತ ತೋರಿಸ್ತಿದೆ ನೋಡಿ.

ಅಳತೆ ವಿಷಯ ಬಂದಾಗ ನನ್ನ ಮಾತು ಕೆಲವರಿಗೆ ಹಿಡಿಸಲ್ಲ, ಆದರೂ ಹೇಳ್ತೀನಿ. ಕೇಂದ್ರದ ಯೋಜನೆಯಲ್ಲಿ ಅಡುಗೆ ಜಾಗ ಸೇರಿ ಕನಿಷ್ಠ 25 ಚದರ ಮೀಟರ್, ಅಂದರೆ ಸುಮಾರು 270 ಚದರ ಅಡಿ ಇದ್ದರೆ ಸಾಕು. ನಮ್ಮ ಹುಡುಗರು ಪಾಯ ಹಾಕೋದು 800, 900 ಅಡಿಗೆ, "ಜೀವಮಾನಕ್ಕೊಂದೇ ಮನೆ" ಅಂತ. ಕಂತಿನ ದುಡ್ಡೆಲ್ಲ ಕಲ್ಲು, ಕಬ್ಬಿಣಕ್ಕೇ ಹೋಗಿ, ಲಿಂಟಲ್‌ನಲ್ಲಿ ನಿಂತು, ಅಲ್ಲೇ ಗಡುವು ಮುಗಿಯುತ್ತೆ. ಮೊದಲು ಗಡುವಿನೊಳಗೆ ಮುಗಿಯೋವಷ್ಟು ಕಟ್ಟಿ. ಮುಂದೆ ಬೆಳೆಸೋ ಆಸೆ ಇದ್ದರೆ ಒಂದು ಪಕ್ಕ ಜಾಗ ಬಿಟ್ಟು, ಆ ಕಡೆಯ ಗೋಡೆಯಲ್ಲಿ ಬಾಗಿಲಿನ ಜಾಗಕ್ಕೆ ಲಿಂಟಲ್ ಮೊದಲೇ ಕೂರಿಸಿ ಮುಚ್ಚಿಡಿ. ನಾಲ್ಕು ವರ್ಷ ಬಿಟ್ಟು ಒಡೆದು ಇನ್ನೊಂದು ಕೋಣೆ ಸೇರಿಸಬಹುದು. ಹಾಗೇ, ಪಿಎಂ ಆವಾಸ್ ಮನೆಯನ್ನು ಗುತ್ತಿಗೆದಾರನಿಗೆ ಒಪ್ಪಿಸೋ ಹಾಗಿಲ್ಲ. ಮೇಸ್ತ್ರಿ ಇಟ್ಕೊಂಡು ನೀವೇ ನಿಂತು ಕಟ್ಟಿಸಬೇಕು.

ಇಷ್ಟೆಲ್ಲ ಮಾಡಿದರೂ ಮನೆಯಲ್ಲಿ ಸಾವು, ಕಾಯಿಲೆ, ಅತಿವೃಷ್ಟಿ ಬರಬಹುದು. ಆಗ ದಿನ ಮೀರೋವರೆಗೆ ಸುಮ್ಮನಿರಬೇಡಿ. ಮೀರೋ ಮುಂಚೆಯೇ ಪಿಡಿಒಗೆ ಲಿಖಿತ ಅರ್ಜಿ ಕೊಟ್ಟು, ಕಾರಣದ ದಾಖಲೆ ಮತ್ತು ಈಗಿನ ಹಂತದ ಫೋಟೋ ಲಗತ್ತಿಸಿ, ಸ್ವೀಕೃತಿ ಸೀಲು ಹಾಕಿಸ್ಕೊಳ್ಳಿ. ಒಂದು ಪ್ರತಿ ತಾಲೂಕು ಪಂಚಾಯಿತಿಗೂ ಕೊಡಿ. ಮುಂದೆ ಕಡತ ಮೇಲೆ ಹೋಗಬೇಕಾಗಿ ಬಂದರೆ ಆ ಸೀಲಿನ ತಾರೀಖೇ ನಿಮ್ಮ ಸಾಕ್ಷಿ.

ಕೊನೇ ಕಂತಿಗೆ ಶೌಚಾಲಯ ಆಗಿರಲೇಬೇಕು. ಪಿಎಂ ಆವಾಸ್‌ನಲ್ಲಿ ಶೌಚಾಲಯ ಇಲ್ಲದ ಮನೆಯನ್ನು ಪೂರ್ಣ ಅಂತ ಲೆಕ್ಕಕ್ಕೆ ತಗೊಳ್ಳಲ್ಲ. ಒಳಗೆ ಗಿಲಾವು, ಬಣ್ಣ ಮುಗಿಸಿ ಗೃಹಪ್ರವೇಶದ ದಿನ ಗೊತ್ತು ಮಾಡಿದ ಮೇಲೆ ಗುಂಡಿ ತೋಡೋಕೆ ಹೊರಡೋರಿದ್ದಾರೆ. ಪಾಯ ಅಗೆಯೋವಾಗ ಅದೇ ಆಳುಗಳಿಂದ ಶೌಚಾಲಯದ ಗುಂಡಿಯನ್ನೂ ತೋಡಿಸಿ, 12,000 ರೂಪಾಯಿಯ ಅರ್ಜಿಯನ್ನು ಅದೇ ವಾರ ಪಂಚಾಯಿತಿಗೆ ಕೊಟ್ಟುಬಿಡಿ.